ಹಳಿಗೆ ಹರಳೆಣ್ಣೆ

ಮದುವೆಯಾದ ಮೊದಲ ವರ್ಷ ನನಗೆ ಗಂಡ ಅಂತ ಸಿಗುತ್ತಿದ್ದುದು ಭಾನುವಾರ ಮಾತ್ರ. ಶನಿವಾರ ದೀಪ ಹಚ್ಚಿದ ಮೇಲೆ ಬರುವರು, ಭಾನುವಾರ ಸಂಜೆ ಎಮ್ಮೆ ಕರೆಯುವ ಹೊತ್ತಿಗೆ ಚೀಲ ಹೆಗಲಿಗೇರಿಸುವರು. ಮಿಕ್ಕ ದಿನವೆಲ್ಲ ಮೈಸೂರು. ಅಲ್ಲಿ ರೈಲ್ವೆ ಶೆಡ್ಡಿನಲ್ಲಿ ಅವರು ಫಿಟ್ಟರ್. ವಾಸಕ್ಕೆ ಒಂದೇ ಕೋಣೆ, ಅದರಲ್ಲಿ ಅವರ ಜೊತೆ ಇನ್ನೂ ಮೂವರು ಗಂಡಸರು, ಒಂದು ಸೀಮೆಎಣ್ಣೆ ಸ್ಟೌವು. ಅಂಥ ಕಡೆ ಹೆಂಡತಿಯನ್ನು ಎಲ್ಲಿ ಕೂರಿಸುವುದು? ಕ್ವಾರ್ಟರ್ಸ್ ಈಗ ಸಿಗುತ್ತದೆ, ಆಗ ಸಿಗುತ್ತದೆ ಎನ್ನುತ್ತಲೇ ಇದ್ದರು. ತೊಂಬತ್ತರ ದಶಕದ ಮಾತು, ಮನೆಯಲ್ಲಿ ಫೋನೂ ಇರಲಿಲ್ಲ.

ನಾನು ಟಿ. ನರಸೀಪುರದವಳು. ನಮ್ಮ ಕಡೆ ರೈಲೇ ಇಲ್ಲ. ರೈಲು ಇಲ್ಲದ ಊರಿನಿಂದ ರೈಲು ನಿಲ್ಲದ ಊರಿಗೆ ಸೊಸೆಯಾಗಿ ಬಂದೆ. ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೋಗುವ ಸಣ್ಣ ಗೇಜಿನ ಹಳಿ ನಮ್ಮ ಹಿತ್ತಲಿನ ಬೇಲಿಯಾಚೆಗೇ ಒಂದು ತಿರುವು ತಿರುಗಿ ಹುರುಳಿ ಹೊಲಗಳ ನಡುವೆ ಹೋಗುತ್ತಿತ್ತು. ರೈಲುಗಳು ಹೋಗುತ್ತಿದ್ದವು, ಬರುತ್ತಿದ್ದವು, ಒಂದೂ ನಿಲ್ಲುತ್ತಿರಲಿಲ್ಲ. ನಿಲ್ಲುವ ಸ್ಟೇಷನ್ನಿಗೆ ಬದುವಿನ ಮೇಲೆ ಬಹಳ ದೂರ ನಡೆಯಬೇಕು. ನಡೆದರೂ ಪ್ರಯೋಜನವಿಲ್ಲ; ಬೆಳಗಿನ ಮೊದಲ ರೈಲು ಮೈಸೂರು ಮುಟ್ಟುವಷ್ಟರಲ್ಲಿ ಇವರ ಶಿಫ್ಟ್ ಶುರುವಾಗಿರುತ್ತಿತ್ತು, ಸಂಜೆ ಶಿಫ್ಟ್ ಮುಗಿಯುವಷ್ಟರಲ್ಲಿ ಕೊನೆಯ ರೈಲು ಹೊರಟುಹೋಗಿರುತ್ತಿತ್ತು. ಬಸ್ಸಿನ ಕಥೆ ಕೇಳಲೇಬೇಡಿ. ಹಿತ್ತಲಲ್ಲಿ ಪಾತ್ರೆ ಬೆಳಗುತ್ತ ಕೂತಾಗ ಆ ರೈಲು ಕೂಗಿಕೊಂಡು ಹೋಗುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರವಾದರೂ ಪೂರ್ತಿ ನನ್ನದೇ ಎಂದರೆ ಅದೂ ಇಲ್ಲ. ಅತ್ತೆಗೆ ಇವರೊಬ್ಬರೇ ಮಗ. ಮಾವ ಬೇಗ ತೀರಿಹೋಗಿದ್ದರಿಂದ ಹೊಲ, ಎಮ್ಮೆ, ಮಗ ಮೂರನ್ನೂ ಒಬ್ಬರೇ ಸಾಕಿದವರು. ಮಗ ಬಂದ ಕೂಡಲೇ ಜಗುಲಿಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು ವಾರದ ವರದಿ ಒಪ್ಪಿಸುವರು. ಯಾವ ಎಮ್ಮೆ ಬತ್ತಿತು, ಯಾರು ಯಾರ ಬದು ಒತ್ತಿದರು, ಯಾರ ಮನೆಯ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಈ ಕೊನೆಯದನ್ನು ನನಗೆ ಕೇಳಿಸುವಂತೆ ಹೇಳುವರು. ಒಬ್ಬ ಗಂಡಸು, ಒಂದು ಭಾನುವಾರ, ಇಬ್ಬರು ಹೆಂಗಸರು. ಅತ್ತೆ ಕೆಟ್ಟವರಲ್ಲ, ಖಂಡಿತ ಅಲ್ಲ. ಆದರೆ ಭಾನುವಾರ ಬಂತೆಂದರೆ ನನಗೆ ಅವರ ಮೇಲೆ ಕೋಪ ಬರುತ್ತಿತ್ತು, ಸೋಮವಾರ ತಾನಾಗಿ ಇಳಿಯುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಅವರು ಬಂದವರು ಕಾಲು ಕೂಡ ತೊಳೆಯಲಿಲ್ಲ. ಅಂಗಳದಲ್ಲೇ ನಿಂತು, "ಅವ್ವಾ, ನಮ್ ಶೆಡ್ಡಲ್ಲಿ ಬಸ್ಸು ಮಾಡ್ತಾವ್ರೆ!" ಎಂದರು.

"ರೈಲು ರಿಪೇರಿ ಮಾಡೋರು ಬಸ್ಸ್ಯಾಕ್ಲಾ ಮಾಡೀರಿ?" ಎಂದರು ಅತ್ತೆ, ರಾಗಿ ಕೇರುತ್ತಲೇ.

"ಕಂಬಿ ಮ್ಯಾಲೆ ಓಡೋ ಬಸ್ಸು ಕಣವ್ವ!"

ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು. ನಾನೂ ಒಳಗಿನಿಂದ ಬಂದೆ. ಅವರು ಒಂದೇ ಉಸಿರಿಗೆ ಹೇಳಿದರು. ನಮ್ಮಂಥ ಸಣ್ಣ ದಾರಿಗಳಲ್ಲಿ ದೊಡ್ಡ ಎಂಜಿನ್ನಿಗೆ ಉದ್ದಕ್ಕೂ ಬೋಗಿ ಕಟ್ಟಿ ಓಡಿಸಿದರೆ ಅರ್ಧಕ್ಕರ್ಧ ಖಾಲಿ ಹೋಗುತ್ತದೆ. ಅದರ ಬದಲು ಒಂದೇ ಒಂದು ಬೋಗಿ. ಅದರ ಹೊಟ್ಟೆಯಡಿಗೇ ಲಾರಿಗೆ ಹಾಕುವಂಥ ಡೀಸೆಲ್ ಎಂಜಿನ್. ಎರಡು ತುದಿಯಲ್ಲೂ ಡ್ರೈವರ್ ಕೂರುವ ಜಾಗ. ಊರು ಮುಟ್ಟಿದ ಮೇಲೆ ಎಂಜಿನ್ ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟುವ ರಗಳೆಯಿಲ್ಲ. ಡ್ರೈವರ್ ಎದ್ದು ಈ ತುದಿಯಿಂದ ಆ ತುದಿಗೆ ನಡೆದು ಕೂತರೆ ಸಾಕು, ಗಾಡಿ ವಾಪಸ್ಸು. ಹಗುರ ಇರುವುದರಿಂದ ಬೇಗ ನಿಲ್ಲುತ್ತದೆ, ಬೇಗ ಹೊರಡುತ್ತದೆ. ಪ್ಲಾಟ್‌ಫಾರ್ಮ್ ಇಲ್ಲದ ಹಳ್ಳಿಗಳಲ್ಲೂ ನಿಲ್ಲಿಸಬಹುದು.

"ಕೈ ಅಡ್ಡ ಆಕುದ್ರೆ ನಿಲ್ಸ್ತಾರಾ?" ಎಂದು ಅತ್ತೆ ಕೇಳಿದರು.

"ಅಂಗೆಲ್ಲ ನಿಲ್ಸಕಾಯ್ತದಾ ಅವ್ವ? ಬೋರ್ಡ್ ಆಕಿರೋ ಜಾಗದಲ್ಲಿ."

ಆಮೇಲೆ ಒಲೆಯ ಹತ್ತಿರ ಬಂದು ನನಗೊಬ್ಬಳಿಗೇ ಹೇಳಿದರು. ನಮ್ಮೂರಲ್ಲೂ ನಿಲ್ಲಿಸುವ ಮಾತಿದೆ. ಬೆಳಿಗ್ಗೆ ಶಿಫ್ಟಿಗೆ ಮುಂಚೆ ಮೈಸೂರು ಸೇರುತ್ತದೆ, ಸಂಜೆ ಶಿಫ್ಟ್ ಮುಗಿದ ಮೇಲೆ ಹೊರಡುತ್ತದೆ.

"ಅಂದ್ರೆ ದಿನಾ ಮನೆಗೆ ಬರ್ತೀರಾ?" ಎಂದೆ.

"ದಿನಾ."

ನನ್ನ ಕೈಯಲ್ಲಿದ್ದ ಮುದ್ದೆಕೋಲು ಹಿಟ್ಟಿನಲ್ಲೇ ನಿಂತುಬಿಟ್ಟಿತು. ಅವತ್ತಿನ ಮುದ್ದೆ ಗಂಟುಗಂಟಾಗಿತ್ತು. ಮೂವರೂ ಅದನ್ನೇ ನುಂಗಿದೆವು.

ಅಲ್ಲಿಂದ ಮುಂದೆ ನಮ್ಮ ಮನೆಯ ಭಾನುವಾರವೇ ಬದಲಾಯಿತು. ಜಗುಲಿಯ ಮೇಲೆ ಎಮ್ಮೆಯ ವಿಚಾರ ಹಿಂದಕ್ಕೆ ಹೋಯಿತು, ನಾನೂ ಕಂಬಕ್ಕೊರಗಿ ಕೂರತೊಡಗಿದೆ. ಬಸುರಿ ಮಗಳ ಸುದ್ದಿ ಕೇಳುವ ಹಾಗೆ ಅತ್ತೆ "ಈಗೆಲ್ಲಿಗ್ಬಂತು?" ಎಂದು ಕೇಳುವರು, ಇವರು ಶುರು ಮಾಡುವರು. ಎಂಜಿನ್ನು ಅಡಿಯಲ್ಲಿ ಕೂತಿತು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಡೀ ಗಾಡಿ ಜ್ವರ ಬಂದವರ ಹಾಗೆ ನಡುಗಿ ಕಿಟಕಿಯ ಗಾಜುಗಳು ಕಳಚಿ ಬಿದ್ದವು. ಎಂಜಿನ್ನಿನ ಕೆಳಗೆ ರಬ್ಬರಿನ ದಪ್ಪ ದಿಂಡು ಕೊಟ್ಟ ಮೇಲೆ ನಡುಕ ನಿಂತಿತು. ಇನ್ನೊಂದು ವಾರ ನೀರು ಕುದಿಯುವ ತಾಪತ್ರಯ. ಬಸ್ಸಿನಲ್ಲಾದರೆ ರೇಡಿಯೇಟರು ಮುಂದಿರುತ್ತದೆ, ಗಾಳಿ ಬಡಿಯುತ್ತದೆ. ಇದಕ್ಕೆ ಮುಂದು ಯಾವುದು, ಹಿಂದು ಯಾವುದು? ಕೊನೆಗೆ ಪಕ್ಕಕ್ಕೆ ತಿರುಗಿಸಿ ಪ್ರತ್ಯೇಕ ಫ್ಯಾನು ಕೂರಿಸಿದರು. ಆಮೇಲೆ ಗೇರಿನದು. ಬಸ್ಸಿಗೆ ಹಿಂದಕ್ಕೆ ಹೋಗಲು ಒಂದೇ ಗೇರು ಸಾಕು, ಇದು ಎರಡು ಕಡೆಗೂ ಒಂದೇ ವೇಗದಲ್ಲಿ ಓಡಬೇಕು. ಅದಕ್ಕೊಂದು ಬೇರೆಯೇ ಪೆಟ್ಟಿಗೆ. ಅದನ್ನು ಅರ್ಥ ಮಾಡಿಸಲು ಅವರು ಚೊಂಬು, ತಟ್ಟೆ, ಒರಳಿನ ಗುಂಡು, ಒಬ್ಬಟ್ಟಿನ ಮಣೆ ಎಲ್ಲವನ್ನೂ ಅಂಗಳಕ್ಕೆ ಹರಡುತ್ತಿದ್ದರು. ಎತ್ತಿಡುವವಳು ನಾನು. ಬೇಜಾರಾಗುತ್ತಿರಲಿಲ್ಲ. ಆ ಗೇರುಪೆಟ್ಟಿಗೆ ಸರಿಯಾದರೆ ನನ್ನ ಗಂಡ ಮನೆಗೆ ಬರುತ್ತಾನೆ, ನನಗೆ ಗೊತ್ತಿದ್ದ ಎಂಜಿನಿಯರಿಂಗ್ ಅಷ್ಟೇ.

ಒಂದು ಭಾನುವಾರ ಅತ್ತೆ ಕೇಳಿದರು, "ಮೆಟ್ಲು ಎಷ್ಟೆತ್ರಕ್ಕದೆ?" ಇವರು ತಮ್ಮ ಸೊಂಟ ತೋರಿಸಿದರು. "ನಿನ್ ಸೊಂಟಕ್ಕಾ? ನನ್ ಮಂಡಿ ಏನಾಗ್ಬೇಕ್ಲಾ? ನಾನು ಎಗರ್ಬೇಕಾ?" ಎಂದು ಅತ್ತೆ ಎದ್ದುನಿಂತು ಕೂಗಿದರು. ಇವರು ಹೋಗಿ ಅದನ್ನು ಎಂಜಿನಿಯರ್ ಸಾಹೇಬರಿಗೆ ಹೇಳಿದರಂತೆ. ಆ ಸಾಹೇಬರೇ ಈ ಗಾಡಿಯ ಉಸ್ತುವಾರಿ. ಅವರು ನಕ್ಕು, ಕೆಳಕ್ಕೆ ಮಡಚಿ ಬಿಡುವಂಥ ಇನ್ನೊಂದು ಮೆಟ್ಟಿಲು ಹಾಕಿಸಿದರು. ಆಮೇಲೆ ಅತ್ತೆಯನ್ನು ಹಿಡಿಯುವವರಿಲ್ಲ. ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಸೋಮವಾರ ನಂಜುಂಡೇಶ್ವರನ ದರ್ಶನಕ್ಕೆ ಹೋದಾಗ ಸಾಲಿನಲ್ಲಿ, ಎಲ್ಲ ಕಡೆ "ಆ ಗಾಡಿ ಮೆಟ್ಲು ನಾನೇ ಆಕ್ಸಿದ್ದು" ಎಂದು ಹೇಳಿಕೊಂಡು ಬಂದರು.

ಕೊನೆಗೊಂದು ದಿನ ಗಾಡಿ ಓಡಿತು. ಶೆಡ್ಡಿನಿಂದ ಹೊರಟು, ಕಪಿಲಾ ಹೊಳೆಯ ಸೇತುವೆ ದಾಟಿ, ನಂಜನಗೂಡು, ನಮ್ಮೂರ ಮೇಲೆ ಹಾಯ್ದು ಚಾಮರಾಜನಗರದವರೆಗೆ. ನಿಲ್ಲುವುದಿಲ್ಲ, ಸುಮ್ಮನೆ ಓಡಿಸಿ ನೋಡುವುದು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಬಸ್ಸಿನ ಹಾರನ್ ಕೇಳಿ ಸೋಪಿನ ಕೈಯಲ್ಲೇ ಬೇಲಿಗೆ ಓಡಿದೆ. ಕೆನೆ ಬಣ್ಣದ ಮೈ, ಸೊಂಟಕ್ಕೊಂದು ಕೆಂಪು ಪಟ್ಟಿ, ಎದುರಿಗೆ ಎರಡು ದೊಡ್ಡ ಗಾಜು. ಅಯ್ಯೋ, ಎಷ್ಟು ಮುದ್ದಾಗಿತ್ತು! ಬಾಗಿಲಲ್ಲಿ ನಿಂತ ಇವರು ನನ್ನನ್ನು ನೋಡಿ ಎರಡೂ ಕೈ ಬೀಸಿದರು, ಹಿಡಿದುಕೊಳ್ಳಿ ಎಂದು ನಾನು ಕಿರುಚಿದೆ. ಆದರೆ ನನಗಿಂತ ಜೋರಾಗಿ ಗಾಡಿಯೇ ಕಿರುಚಿತು. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಎಂಥ ಸದ್ದು ಬಂತೆಂದರೆ, ಊರಿನ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು.

ಆ ಭಾನುವಾರ ಅವರು ಸಪ್ಪಗೆ ಬಂದರು. "ತಿರುವಲ್ಲಿ ಕಿರುಚ್ತದೆ ಅವ್ವ. ಸಾಯೇಬ್ರು ಕಿವಿ ಮುಚ್ಕೊಂಡ್ರು. ಬರೋ ವಾರ ಒಂದೊಂದೂರಲ್ಲೂ ನಿಲ್ಸಿ ನೋಡ್ತಾರೆ. ಯಾವೂರು ಇರ್ಲಿ, ಯಾವೂರು ಬ್ಯಾಡ ಅಂತ ಅವತ್ತೇ ತೀರ್ಮಾನ. ಆ ತಿರುವು ದಾಟುತ್ಲೇ ನಮ್ಮೂರು. ಈ ಗಲಾಟೆ ಕೇಳಿ ನಮ್ಮೂರ್ನೇ ಬುಟ್ಬುಟ್ರೆ?"

ಅತ್ತೆ ಏನೂ ಮಾತಾಡಲಿಲ್ಲ. ಅತ್ತೆ ಮಾತಾಡದೆ ಸುಮ್ಮನಿದ್ದರೆ ಬಹಳ ಹುಷಾರಾಗಿರಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಸಾಹೇಬರು ಬರುವ ದಿನ ಊರಿಗೆ ಊರೇ ಹಳಿಯ ಪಕ್ಕದಲ್ಲಿ ನೆರೆದಿತ್ತು. ಗಾಡಿ ನಿಲ್ಲಬೇಕಾದ ಜಾಗದ ಎರಡು ಕಡೆ ಬಾಳೆಕಂದು ಕಟ್ಟಿದ್ದರು. ಮಾವಿನ ಸೊಪ್ಪು, ತೆಂಗಿನಕಾಯಿ, ಚಕ್ರದಡಿಗೆ ಇಡಲು ನಿಂಬೆಹಣ್ಣು, ದೃಷ್ಟಿ ತೆಗೆಯಲು ಬೂದುಗುಂಬಳ. ನಾನು ಧಾರೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದೆ. ಉಟ್ಟರೆ ತಪ್ಪೇನು? ಗಾಡಿ ಸರ್ಕಾರದ್ದಾದರೂ ಬರುತ್ತಿದ್ದವರು ನನ್ನವರು. ಬೆಳಗಿನಿಂದ ಅತ್ತೆ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ತಿರುವಿನ ಕಡೆಯಿಂದ ಇಬ್ಬರು ಹೆಂಗಸರ ಜೊತೆ ನಡೆದು ಬಂದರು. ಕೈಯಲ್ಲಿ ಮನೆಯ ಹರಳೆಣ್ಣೆ ಡಬ್ಬ, ಸೊಂಟಕ್ಕೆ ಸಿಕ್ಕಿಸಿದ ಒಂದು ಬಟ್ಟೆ. ಬಸವನ ಗುಡಿಗೆ ದೀಪ ಹಚ್ಚಿ ಬಂದಿರಬೇಕು ಎಂದುಕೊಂಡೆ.

ದೂರದಲ್ಲಿ ಹಾರನ್ ಕೇಳಿಸಿತು. ಗಾಡಿ ತಿರುವಿಗೆ ಬಂತು, ತಿರುವು ತಿರುಗಿತು. ಸದ್ದೇ ಇಲ್ಲ! ಬೆಣ್ಣೆಯ ಮೇಲೆ ಬಂದಂತೆ ಬಂತು. "ಕಿರುಚಲಿಲ್ಲ! ಕಿರುಚಲಿಲ್ಲ!" ಎಂದು ನಾನು ಕುಣಿದೇಬಿಟ್ಟೆ. ಡ್ರೈವರ್ ಬ್ರೇಕ್ ಹಾಕಿದ್ದು ಕಾಣಿಸಿತು. ಚಕ್ರಗಳು ತಿರುಗುವುದನ್ನು ನಿಲ್ಲಿಸಿದವು. ಗಾಡಿ ಮಾತ್ರ ನಿಲ್ಲಲಿಲ್ಲ. ನಿಂತ ಚಕ್ರದಲ್ಲೇ, ಏನೂ ಅವಸರವಿಲ್ಲದವರ ಹಾಗೆ, ಬಾಳೆಕಂದುಗಳ ನಡುವೆ ಜಾರಿಕೊಂಡು, ಆರತಿ ತಟ್ಟೆ ಹಿಡಿದು ನಿಂತ ಹೆಂಗಸರನ್ನು ದಾಟಿ, ನನ್ನನ್ನೂ ದಾಟಿ ಹೋಯಿತು. ಕಿಟಕಿಯಲ್ಲಿ ಸಾಹೇಬರ ಮುಖ, ಬಾಗಿಲಲ್ಲಿ ಬಾಯಿ ತೆರೆದ ನನ್ನ ಗಂಡನ ಮುಖ, ಎರಡೂ ನನ್ನ ಕಣ್ಣೆದುರಿಗೇ ಹಾದುಹೋದವು. ಆಚೆ ಹೊಂಗೆಮರದ ಹತ್ತಿರ ಏರು ಶುರುವಾಗುವ ಕಡೆ ಅಂತೂ ನಿಂತಿತು. ಊರೆಲ್ಲ ಅದರ ಹಿಂದೆ ಓಡಿತು.

ಡ್ರೈವರ್ ಗಾಡಿಯನ್ನು ಹಿಂದಕ್ಕೆ ತರಲು ನೋಡಿದ. ಎಂಜಿನ್ ಅಬ್ಬರಿಸಿತು, ಚಕ್ರಗಳು ನಿಂತಲ್ಲೇ ಗರಗರ ತಿರುಗಿದವು, ನೀಲಿ ಹೊಗೆ ಎದ್ದಿತು. ಗಾಡಿ ಒಂದಿಂಚೂ ಅಲುಗಲಿಲ್ಲ. ಸಾಹೇಬರು ಕೆಳಗಿಳಿದು, ಬಗ್ಗಿ, ಹಳಿಯ ಮೇಲೆ ಬೆರಳಾಡಿಸಿ ಮೂಗಿನ ಹತ್ತಿರ ಹಿಡಿದರು.

"ಹರಳೆಣ್ಣೆ," ಎಂದರು. ಆಮೇಲೆ ಜೋರಾಗಿ, "ಯಾರ್ರೀ ಇದು? ಯಾರು ಹಚ್ಚಿದ್ದು?"

ಅತ್ತೆ ಖಾಲಿ ಡಬ್ಬದ ಸಮೇತ ಮುಂದೆ ಬಂದರು. "ನಾನೇ ಸ್ವಾಮಿ. ತಿರುವಲ್ಲಿ ಕಿರುಚ್ತದೆ ಅಂದ ನನ್ ಮಗ. ನಮ್ಮಟ್ಟೀಲಿ ಒಸ ಎತ್ತಿನ್ಗಾಡಿ ಕಟ್ದಾಗ ಕೀಲ್ಗೆ ಎಣ್ಣೆ ಆಕ್ದೆ ಈಚ್ಗೆ ತರಾಕಿಲ್ಲ. ಗಾಡಿ ಮೈಸೂರಲ್ಲಿತ್ತು, ಅಲ್ಲೀಗಂಟ ನಾನ್ ಬರಾಕಾಯ್ತದಾ? ಅದ್ಕೇ ಕಂಬಿಗೇ ಆಕ್ದೆ. ತಿರುವಿಂದ ಇಲ್ಲೀಗಂಟ, ಎರಡು ಕಡೀಕೂ. ಈಗೇಳಿ, ಕಿರುಚ್ತಾ?"

ನಿಜ ಹೇಳಬೇಕೆಂದರೆ ಕಿರುಚಿರಲಿಲ್ಲ. ಇವರು ಬಾಗಿಲ ಸರಳು ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.

"ಜನ ಸತ್ತಿದ್ದರೆ ಯಾರಮ್ಮ ಹೊಣೆ?" ಎಂದು ಸಾಹೇಬರು ಸಿಡಿದರು. "ಹಳಿ ಏನು ನಿಮ್ಮನೆ ಗಾಡಿ ಕೀಲಾ? ಈ ಊರಲ್ಲಿ ಗಾಡಿ ನಿಲ್ಲಿಸೋ ಮಾತೇ ಬೇಡ."

ದಿನಾ ಸಂಜೆಯ ಆಸೆ ಅಲ್ಲೇ, ಆ ಹೊಂಗೆಮರದ ಕೆಳಗೇ ಮುಗಿದುಹೋಯಿತು ಎನ್ನಿಸಿತು. ಅಳು ಬರಬೇಕಿತ್ತು, ಬಂದದ್ದು ಕೋಪ. ಅತ್ತೆಯ ಮೇಲೆ, ಸಾಹೇಬರ ಮೇಲೆ, ಒಂದು ಡಬ್ಬ ಎಣ್ಣೆಗೆ ಸೋತು ನಿಂತ ಆ ಗಾಡಿಯ ಮೇಲೆ.

ಸಾಹೇಬರು ಡ್ರೈವರ್ ಕಡೆ ತಿರುಗಿ ಮರಳು ಕೇಳಿದರು. ದೊಡ್ಡ ಎಂಜಿನ್ನುಗಳಲ್ಲಿ ಚಕ್ರ ಜಾರದಂತೆ ಅದರ ಮುಂದೆ ಮರಳು ಸುರಿಯಲು ಡಬ್ಬ ಇರುತ್ತದಂತೆ. ಈ ಹಗುರದ ಗಾಡಿಗೆ ಅದನ್ನು ಇಟ್ಟೇ ಇರಲಿಲ್ಲ. ಮರಳು ಬೇಕೆಂದರೆ ಹೊಳೆಗೆ ಹೋಗಬೇಕು. ಯಾರೋ ಹೊಲದ ಮಣ್ಣು ತಂದು ಎರಚಿದರು. ಹಿಂದಿನ ದಿನ ಮಳೆ ಬಿದ್ದು ಮಣ್ಣು ಒದ್ದೆಯಾಗಿತ್ತು, ಎಣ್ಣೆಗೆ ಸೇರಿ ಇನ್ನೂ ಜಾರುವಂತಾಯಿತು. ನಾನು ಆ ಜಿಡ್ಡನ್ನು ಬಗ್ಗಿ ನೋಡಿದೆ. ಹೋಳಿಗೆ ಮಾಡಿದ ಮಾರನೆಯ ದಿನ ನನ್ನೆದುರು ಬಂದು ಕೂರುವ ಕಾವಲಿಯ ಹಾಗೇ ಇತ್ತು ಅದು. ಸೀರೆ ಎತ್ತಿ ಕಟ್ಟಿ ಮನೆಗೆ ಓಡಿದೆ. ಒಲೆಯ ಬೂದಿಯನ್ನು ಪೂರ್ತಿ ಮಂಕರಿಗೆ ಬಳಿದು, ತೆಂಗಿನ ನಾರು ಎತ್ತಿಕೊಂಡು ಓಡಿಬಂದೆ. ಧಾರೆ ಸೀರೆಯಲ್ಲೇ ಹಳಿಯ ಪಕ್ಕ ಕುಕ್ಕರಿಸಿ, ಬೂದಿ ಸುರಿದು, ಉಜ್ಜಲು ಶುರುಮಾಡಿದೆ.

"ಏನಮ್ಮ ಇದು?" ಎಂದರು ಸಾಹೇಬರು.

"ಜಿಡ್ಡು ಸಾರ್. ತೊಳೀತಿದೀನಿ," ಎಂದೆ. ತಲೆ ಎತ್ತಲಿಲ್ಲ.

ಅವರು ಒಂದು ಗಳಿಗೆ ನೋಡಿದರು. ನಾನು ಉಜ್ಜಿದ ಕಡೆ ಹಳಿ ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು. "ಇನ್ನೂ ಬೂದಿ ತರಿಸಿ!" ಎಂದು ಕೂಗಿದರು. ಅಷ್ಟೇ ಸಾಕಾಯಿತು. ಹೆಂಗಸರು ಒಂದೊಂದು ಮನೆಗೆ ನುಗ್ಗಿದರು. ಮೊರದಲ್ಲಿ, ಕುಕ್ಕೆಯಲ್ಲಿ, ಮಡಿಲಲ್ಲಿ ಬೂದಿ ಬಂತು. ಹಳಿಯ ಎರಡು ಕಡೆಯೂ ಸಾಲಾಗಿ ಕೂತು ಉಜ್ಜುವುದೇ ಉಜ್ಜುವುದು. ಗಂಡಸರು ನೋಡುತ್ತ ನಿಂತಿದ್ದರು. "ನಿಂತ್ಕಂಡು ಏನ್ ನೋಡೀರಿ? ನಾರು ತನ್ನಿ!" ಎಂದು ಗದರಿದೆ, ಅವರೂ ಓಡಿದರು.

ನನ್ನ ಪಕ್ಕಕ್ಕೆ ಬಂದು ಕೂತವರು ಅತ್ತೆ. ಎಲ್ಲರಿಗಿಂತ ಜೋರಾಗಿ ಉಜ್ಜುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಗು ಸೇದಿದ ಸದ್ದು ಕೇಳಿ ನೋಡಿದರೆ, ಬೂದಿ ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಅವ್ನು ದಿನಾ ಬರ್ಲಿ ಅಂತ ಕಣಮ್ಮಿ ಮಾಡಿದ್ದು," ಎಂದರು. "ವಾರೆಲ್ಲ ಯಾರ ಮೊಕ ನೋಡ್ಕಂಡ್ ಉಣ್ಣದು ನಾನು?"

ನನ್ನ ಕೈ ನಿಂತುಹೋಯಿತು. ಒಂದು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಬ್ಬನನ್ನೇ ಕಾಯುತ್ತ ಕೂತಿದ್ದೇವೆ, ಒಬ್ಬರ ಮುಖ ಒಬ್ಬರು ನೋಡದೆ ಉಂಡಿದ್ದೇವೆ. "ನನಗೂ ಅಷ್ಟೇ ಅತ್ತೆ," ಎಂದೆ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಬ್ಬರೂ ಮತ್ತೆ ಉಜ್ಜಿದೆವು.

"ಸಾಕು, ಏಳಿ!" ಎಂದರು ಸಾಹೇಬರು. ಅವರ ಪ್ಯಾಂಟು ಮಂಡಿಯವರೆಗೆ ಬೂದಿಬಣ್ಣಕ್ಕೆ ತಿರುಗಿತ್ತು. ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದು ಕೂತ. ಎಂಜಿನ್ ಗುಡುಗಿತು. ಚಕ್ರ ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು, ಆಮೇಲೆ ಬೂದಿ ಕಚ್ಚಿತು. ಗಾಡಿ ಹೊರಟಿತು! ಕೂಗಾಟ, ಶಿಳ್ಳೆ! ಹುಡುಗರು, ಮುದುಕರು, ಸಾಹೇಬರು ಎಲ್ಲರೂ ಅದರ ಪಕ್ಕದಲ್ಲಿ ಓಡುತ್ತಿದ್ದರು. ಬಾಳೆಕಂದುಗಳ ನಡುವೆ ಹೋಗಿ ಸರಿಯಾಗಿ ನಿಂತಾಗ ನನ್ನ ಗಂಟಲು ಬಿದ್ದುಹೋಗಿತ್ತು.

ಸಾಹೇಬರು ಅಲ್ಲಿಗೆ ಬಿಡಲಿಲ್ಲ. ಮಜ್ಜಿಗೆ ಕುಡಿದು, ತಿರುವಿನ ಹತ್ತಿರ ಉಳಿದಿದ್ದ ಎಣ್ಣೆಯ ಮೇಲೆ ಇನ್ನೊಮ್ಮೆ ಓಡಿಸಿ ಎಂದರು. ಬೂದಿ ಹಾಕಿ ಮತ್ತೊಮ್ಮೆ. ಎಲ್ಲಿ ಜಾರಿತು, ಎಲ್ಲಿ ಕಚ್ಚಿತು ಎಂದು ಬಗ್ಗಿ ಬಗ್ಗಿ ನೋಡಿದರು. ಮುಖದಲ್ಲಿ ಸಿಟ್ಟು ಹೋಗಿ ಬೇರೆಯೇ ಹುರುಪು ಬಂದಿತ್ತು. ಇವರನ್ನು ಕರೆದು, "ನೋಡಿದ್ರೇನ್ರೀ? ತುಂತುರು ಮಳೆಯಲ್ಲಿ, ಹಳಿ ಮೇಲೆ ಹೊಂಗೆಯೆಲೆ ಅರೆದಾಗ ಇದೇ ಗತಿ ಆಗ್ತಿತ್ತು. ಹಗುರದ ಗಾಡಿ ಅಂತ ನಾವು ಮರಳಿನ ಡಬ್ಬನೇ ಬಿಟ್ಟಿದ್ವಲ್ಲ! ಅದನ್ನ ಕೂರಿಸೋವರೆಗೂ ಇದು ಶೆಡ್ ಬಿಟ್ಟು ಕದಲೋ ಹಾಗಿಲ್ಲ," ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ ಮೆತ್ತಗೆ ಹೇಳಿದರು. "ಅಮ್ಮ, ತಿರುವಲ್ಲಿ ಎಣ್ಣೆ ಬೇಕು ಅನ್ನೋದು ಸರಿ. ಆದ್ರೆ ಹಳಿಯ ಒಳಮಗ್ಗುಲಿಗೆ, ಒಂದಿಷ್ಟೇ, ನಮ್ಮ ಕಡೆಯವರು ಹಾಕ್ತಾರೆ. ನೆತ್ತಿಗಲ್ಲ."

"ನಂಗೇನ್ ಗೊತ್ತು ಸ್ವಾಮಿ? ಎಣ್ಣೆ ಆಕಾದು ನೆತ್ತಿಗೇ ತಾನೆ?" ಎಂದರು ಅತ್ತೆ.

ಸಾಹೇಬರು ಜೋರಾಗಿ ನಕ್ಕುಬಿಟ್ಟರು. ನಗುತ್ತಲೇ ಗಾಡಿ ಹತ್ತಿದರು. ನಮ್ಮೂರಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಹೇಳಲೇ ಇಲ್ಲ. ಗಾಡಿ ಏರು ಹತ್ತಿ ಕಣ್ಮರೆಯಾಯಿತು.

ಆಮೇಲಿನ ಭಾನುವಾರ ಇವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮರಳಿನ ಡಬ್ಬದ ಕೆಲಸ ರಜೆಯಿಲ್ಲದೆ ನಡೆದಿದೆ ಎಂದು ಮೈಸೂರಿಗೆ ಹೋಗಿ ಬಂದ ಊರಿನವರೊಬ್ಬರು ಸುದ್ದಿ ತಂದರು. ಇದ್ದ ಒಂದು ದಿನವೂ ಹೋಯಿತಲ್ಲ ಎಂದು ನಾನು ಒದ್ದಾಡಿದೆ. ಆದರೆ ಊಟಕ್ಕೆ ಮಾತ್ರ ಈಗ ನಾನು, ಅತ್ತೆ ಎದುರುಬದುರು ಕೂರುತ್ತಿದ್ದೆವು. ಡಬ್ಬ ಎಷ್ಟು ದೊಡ್ಡದಿರಬಹುದು, ಮರಳು ಯಾವ ಹೊಳೆಯದು ತರಬಹುದು, ನಮಗೆ ಅದೇ ಮಾತು.

ಒಂದು ಮಧ್ಯಾಹ್ನ ರೈಲ್ವೆಯ ಕೂಲಿಗಳು ತಳ್ಳುಗಾಡಿಯಲ್ಲಿ ಬಂದು, ಬಾಳೆಕಂದು ಕಟ್ಟಿದ್ದ ಜಾಗದಲ್ಲೇ ಗುಂಡಿ ತೋಡಿದರು. ಎರಡು ಹಳೆಯ ಹಳಿತುಂಡು ನೆಟ್ಟು, ನಡುವೆ ಹಳದಿ ಬೋರ್ಡು ಕೂರಿಸಿದರು. ಅದರ ಮೇಲೆ ನಮ್ಮೂರಿನ ಹೆಸರು! ಬಣ್ಣ ಇನ್ನೂ ಒಣಗಿರಲಿಲ್ಲ, ಮುಟ್ಟಿ ನೋಡಿ ಬೆರಳೆಲ್ಲ ಕಪ್ಪು ಮಾಡಿಕೊಂಡೆ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ ಹೇಳೆಂದರು. ಓದಿದೆ. ಇನ್ನೊಂದು ಸಲ ಎಂದರು. ಮತ್ತೆ ಓದಿದೆ.

ಆ ರೈಲ್‌ಬಸ್ಸು ನಮ್ಮ ದಾರಿಯಲ್ಲಿ ಎರಡು ಸಾವಿರದ ಇಸವಿಯ ಆಚೆಗೆ ದೊಡ್ಡ ಗೇಜಿನ ಕೆಲಸ ಶುರುವಾಗುವವರೆಗೂ ಓಡಿತು. ಸಣ್ಣ ಹಳಿ ಕಿತ್ತರು, ಗಾಡಿ ಎಲ್ಲಿಗೋ ಹೋಯಿತು. ಅಷ್ಟು ಹೊತ್ತಿಗೆ ನಾವು ಮೂವರೂ ಮೈಸೂರಿನ ಕ್ವಾರ್ಟರ್ಸಿಗೆ ಬಂದಾಗಿತ್ತು. ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿರುವುದು ಅದು ಮೊದಲ ಸಲ ನಮ್ಮೂರಲ್ಲಿ ನಿಂತ ಸಂಜೆ.

ಮಧ್ಯಾಹ್ನದಿಂದ ನನಗೆ ಕೈಕಾಲು ನಿಲ್ಲುತ್ತಿರಲಿಲ್ಲ. ಅವರೆಕಾಳಿನ ಸಾರು ಮಾಡಿದೆ, ಉಪ್ಪು ಹಾಕಿದೆನೋ ಇಲ್ಲವೋ ಎಂದು ಪದೇ ಪದೇ ರುಚಿ ನೋಡಿದೆ. ಅತ್ತೆ ಆಗಲೇ ತಲೆ ಬಾಚಿ ಒಗೆದ ಸೀರೆ ಉಟ್ಟಿದ್ದರು. ಇಬ್ಬರೂ ಹೋಗುತ್ತೇವೆ, ಮೆಟ್ಟಿಲಿಳಿದ ಕೂಡಲೇ ಅತ್ತೆ ಮಗನ ಕೈ ಹಿಡಿಯುತ್ತಾರೆ, ನಾನು ಹಿಂದೆ ಚೀಲ ಹೊತ್ತು ಬರುತ್ತೇನೆ. ನಾನು ಅದಕ್ಕೆ ಸಿದ್ಧಳಾಗಿಯೇ ಇದ್ದೆ. ಬಂದರೆ ಸಾಕಿತ್ತು. ಹಾರನ್ ಕೇಳಿಸಿತು. ಅಂಗಳಕ್ಕೆ ಇಳಿದು ತಿರುಗಿ ನೋಡಿದರೆ ಅತ್ತೆ ಜಗುಲಿ ಬಿಟ್ಟು ಎದ್ದಿರಲಿಲ್ಲ.

"ಬನ್ನಿ ಅತ್ತೆ, ಬಂತು!" ಎಂದೆ.

"ನೀನೋಗಮ್ಮಿ," ಎಂದರು.

"ನೀವು?"

"ನಂಗೆ ಭಾನ್ವಾರ ಅದಲ್ಲ. ಮಿಕ್ಕಿದ್ದೆಲ್ಲ ನಿಂದು. ಓಗು, ನಿಂತ್ಬುಡ್ತದೆ ಗಾಡಿ."

ನಾನು ಓಡಿದೆ. ಬದುವಿನ ಮೇಲೆ ಹುರುಳಿ ಬಳ್ಳಿ ಕಾಲಿಗೆ ತೊಡರುತ್ತಿತ್ತು, ಚಪ್ಪಲಿ ಒಂದು ಅಲ್ಲೇ ಉಳಿಯಿತು. ಗಾಡಿ ಬೋರ್ಡಿನ ಮುಂದೆ ಬಂದು ನಿಂತಿತು. ಮಡಚಿದ್ದ ಮೆಟ್ಟಿಲು ಕೆಳಗೆ ಬಿತ್ತು. ಇವರು ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು ಇಳಿದರು. ನನ್ನನ್ನು ನೋಡಿ ನಕ್ಕರು, ಆಮೇಲೆ ನನ್ನ ಹಿಂದೆ ಹುಡುಕಿದರು.

"ಅವ್ವ ಎಲ್ಲಿ? ಉಷಾರಾಗವ್ಳಾ?"

"ಚೆನ್ನಾಗಿದ್ದಾರೆ. ನಿಮ್ಮನ್ನ ಭಾನುವಾರ ನೋಡ್ತಾರಂತೆ."

ಅರ್ಥವಾಗದೆ ನನ್ನ ಮುಖವನ್ನೇ ನೋಡಿದರು. ನಾನು ಅವರ ಕೈಯಿಂದ ಕ್ಯಾರಿಯರ್ ಇಸಿದುಕೊಂಡು ಅವರ ಪಕ್ಕದಲ್ಲಿ ನಡೆದೆ. ಅವತ್ತು ಬುಧವಾರ.